ಸೆಣಬಿನ ನಾರು ತೆಗೆಯುವ ಕ್ರಮವೂ ಊರ ಕೆರೆಯ ನೀರೂ

(ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ಮಾಡಿದ ಉಪನ್ಯಾಸ)



ನಾರಿನ ಬೆಳೆಯೆಂದೊಡನೆ ಕೆಲವರು ಅಗಸೆಯ ಮಾತನ್ನೆತ್ತುವರು. ಅಗಸೆಯ ದಂಟಿನ ನಾರಿನಿಂದ ಯೂರೋಪಿನವರು ಲಿನನ್ ಬಟ್ಟೆಯನ್ನು ನೇಯುವುದು ನಿಜ. ಆದರೆ ಅದಕ್ಕೆ ತಂಪು ಹವೆಯೂ, ಕವಲೊಡೆಯದೆ ಎತ್ತರಕ್ಕೆ ಬೆಳೆಯುವ ಜಾತಿಯೂ ಬೇಕು. ಧಾರವಾಡ, ವಿಜಾಪುರಗಳ ಎರೆಭೂಮಿಯ ಅಗಸೆಯು ಗಿಡ್ಡಾಗಿ ಕವಲೊಡೆಯುವಂಥಾದ್ದು. ಅದನ್ನು ಬೀಜಕ್ಕೂ ಎಣ್ಣೆಗೂ ಬೆಳೆಯುವರು. ಕೃಷ್ಣರಾಜಪುರದಿಂದ ಹೊಸಕೋಟೆಯ ಕಡೆಗಿರುವ ಕೆಂಪುಮಣ್ಣಿಗೆ ಒಪ್ಪುವ ನಾರಿನ ಬೆಳೆಯು ಸೆಣಬು. ಇದನ್ನೇ ಜನಪವೆಂದೂ ಕರೆಯುವುದುಂಟು. ಹಿಂದೆ ಗೋಣಿಗರು ಚೀಲ ನೇಯುತ್ತಿದ್ದುದು ಇದರ ನೂಲಿನಿಂದಲೇ.

ಸೆಣಬನ್ನು ಮುಂಗಾರಿನಲ್ಲಿ ಒತ್ತಾಗಿ ಬಿತ್ತಬೇಕು. ವಿರಳವಾದರೆ ಕವಲೊಡೆದು ನಾರು ಕೆಡುವುದು. ಹೂ ಬಿಡುವ ಕಾಲಕ್ಕೆ ಉತ್ತು ಮುಚ್ಚಿದರೆ ಉತ್ತಮವಾದ ಹಸುರುಗೊಬ್ಬರ. ನಾರು ಬೇಕಾದವರು ಕಾಯಿ ಕಚ್ಚುವ ಹೊತ್ತಿಗೆ ಕೊಯ್ಯತಕ್ಕದ್ದು. ಒಂದೇ ಹೊಲದಿಂದ ಎರಡನ್ನೂ ಬಯಸುವುದು ಆಗದ ಮಾತು. ಎಲೆಯನ್ನಾದರೂ ಹೊಲದಲ್ಲಿಯೇ ಉದುರಿಸಿರಿ.

ಇನ್ನು ಕೊಳೆಹಾಕುವ ವಿಷಯ. ದಂಟಿಗೆ ನಾರನ್ನು ಹಿಡಿದಿರುವ ಅಂಟನ್ನು ನೀರಿನ ಸೂಕ್ಷ್ಮಜೀವಿಗಳು ತಿಂದು ಬಿಡಿಸುವುವು. ಈ ಕಾರ್ಯದಲ್ಲಿ ನೀರೊಳಗಿನ ಪ್ರಾಣವಾಯುವು ತೀರಿಹೋಗುವುದರಿಂದ ಮೀನು ಸಾಯುವುದು, ನೀರು ಕೆಟ್ಟು ದನವೂ ಮೂಸದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಕೇಳಿರುವಿರಿ. ಅಲ್ಲಿ ಸೇರಿದ್ದು ಚರಂಡಿಯ ನೀರು, ಸೆಣಬಲ್ಲ. ಆದರೂ ಪ್ರಾಣವಾಯು ತೀರಿದ ಬಗೆಯೊಂದೇ. ಮಳೆ ಸಾಲದ ವರ್ಷದಲ್ಲಿ ಅರೆತುಂಬಿದ ಕೆರೆಗೆ ಹತ್ತು ಗಾಡಿ ಸೆಣಬನ್ನು ಹಾಕಿದವನಿಗೆ ಹಗ್ಗವಾದರೂ ದಕ್ಕುವುದು. ಊರಿಗೆ ದಕ್ಕುವುದೇನೆಂಬುದನ್ನು ನಾನು ಹೇಳಬೇಕಾಗಿಲ್ಲ.

ಆದಕಾರಣ ಕೆರೆಯಲ್ಲಿ ಕೊಳೆಹಾಕಕೂಡದು. ಏರಿಯ ಕೆಳಗೆ, ತೂಬಿನ ನೀರು ಬರುವಲ್ಲಿ, ಕುಡಿಯುವ ಬಾವಿಗೆ ದೂರವಾಗಿ ಗುಂಡಿಯನ್ನು ತೋಡಿಸಬೇಕು. ಬುಡವು ದಪ್ಪನಾದುದರಿಂದ ಕಟ್ಟುಗಳನ್ನು ಮೊದಲು ಒಂದು ದಿನ ಬುಡ ಮುಳುಗುವಂತೆ ನಿಲ್ಲಿಸಿ, ಬಳಿಕ ಮಲಗಿಸಿ ಕಲ್ಲು ಹೇರಿರಿ. ಮಣ್ಣು ಹೇರಿದರೆ ನಾರು ಕಪ್ಪಾಗುವುದು. ನೀರು ಬೆಚ್ಚಗಿದ್ದರೆ 4-5 ದಿನ ಸಾಕು. ಚಳಿಯಲ್ಲಿ ಹೆಚ್ಚು ಬೇಕು. ಮೂರನೆಯ ದಿನದಿಂದ ದಂಟೊಂದನ್ನು ತೆಗೆದು ನೋಡುತ್ತಿರಬೇಕು. ಬುಡದಿಂದ ತುದಿಯವರೆಗೆ ನಾರು ಸಲೀಸಾಗಿ ಸುಲಿದು ಬಂದರೆ ಅಂದೇ ಮೇಲೆತ್ತಿ, ಸುಲಿದು, ತೊಳೆದು ಒಣಗಿಸತಕ್ಕದ್ದು. ತಡವಾದರೆ ನಾರು ಬಲಗೆಡುವುದು. ಜಾತ್ರೆಗೆಂದು ಬಿಟ್ಟುಹೋದವರ ಸೆಣಬು ಮೂಗುದಾರಕ್ಕೂ ಬಾರದು!

ಗುಂಡಿಯ ನೀರನ್ನು ಹೊಲಕ್ಕೆ ಬಿಡಬೇಕೇ ಹೊರತು ಕಾಲುವೆಗೆ ಬಿಡಕೂಡದು. ಸ್ಥಳವನ್ನು ಮುಖಂಡರು ಕೊಯ್ಲಿಗೆ ಮುಂಚೆಯೇ ಗೊತ್ತುಮಾಡಿ, ತೋಡುವ ಕೂಲಿಯನ್ನು ಅವರವರು ಬಿತ್ತಿದ ವಿಸ್ತೀರ್ಣಕ್ಕೆ ತಕ್ಕಂತೆ ಹಂಚತಕ್ಕದ್ದು.