ನಮ್ಮ ಗಣಿಯ ಮೃತರ ಸ್ಮರಣೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಮೃತರ ಸ್ಮರಣಾ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಸಂಭ್ರಮದ ನಡುವೆ ಒಂದು ಸಂಜೆಯನ್ನು ಮೃತರಿಗಾಗಿ ಮೀಸಲಿಟ್ಟಿರುವುದು ನಮಗೆ ಅತೀವ ಸಮಾಧಾನವನ್ನುಂಟುಮಾಡಿದೆ. ದೇವಾಲಯವನ್ನು ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ. ಆದರೆ ಗಣಿಯ ಕೂಲಿಯಲ್ಲಿ ಕಾಸಿಗೆ ಕಾಸು ಕೂಡಿಸಿ ಅದಕ್ಕಾಗಿ ಕೊಟ್ಟ ಗಂಡಸರ ಹೆಸರುಗಳು ಎಲ್ಲಿವೆ? ಅವರನ್ನು ಕುರಿತು ನಾಲ್ಕು ಮಾತುಗಳನ್ನಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ.

ನವೆಂಬರ್ 2ರಂದು ಗುರುಗಳು ಮೂರು ಬಲಿಪೂಜೆಗಳನ್ನು ಅರ್ಪಿಸುವುದನ್ನು ತಾವು ಬಲ್ಲಿರಿ. ಈ ಅನುಮತಿ ಇಡೀ ಸಭೆಗೆ ದೊರೆತದ್ದು 1915ರ ಆಗಸ್ಟ್‌ನಲ್ಲಿ. ಯೂರೋಪಿನ ಹೊಲಗಳಲ್ಲಿ ಯುವಕರ ಹೆಣಗಳು ರಾಶಿಯಾಗಿ ಬೀಳುತ್ತಿದ್ದ ಆ ಕಾಲದಲ್ಲಿ ಜಗದ್ಗುರು 15ನೆಯ ಬೆನೆಡಿಕ್ಟರು ಈ ಅನುಮತಿಯನ್ನಿತ್ತರು. ಆ ಯುದ್ಧದಲ್ಲಿ ನಮ್ಮ ದೇಶದ ಸುಮಾರು 74,000 ಮಂದಿ ಸೈನಿಕರು ಮಡಿದರು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 87,000 ಮಂದಿ. ಅವರಲ್ಲಿ ಬಹುಮಂದಿ ನಮ್ಮ ನಿಮ್ಮಂತಹ ಸಾಮಾನ್ಯ ಮನೆಗಳ ಮಕ್ಕಳು.

ಯುದ್ಧವು ನಮ್ಮ ಊರಿಗೆ ದೂರದ ಮಾತಲ್ಲ. ನಮ್ಮ ಗಣಿಗೆ ಹೆಸರಿತ್ತ ನಂದಿದುರ್ಗವು 1791ರಲ್ಲಿ ಆಂಗ್ಲರು ಟಿಪ್ಪು ಸುಲ್ತಾನನಿಂದ ಗೆದ್ದುಕೊಂಡ ಕೋಟೆ. 1870ರ ದಶಕದಲ್ಲಿ ಇಲ್ಲಿ ಚಿನ್ನವನ್ನು ಹುಡುಕಲು ಮೈಸೂರು ಸರ್ಕಾರದ ಅನುಮತಿ ಪಡೆದ ಲಾವೆಲ್ ಎಂಬಾತನು ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದವನು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದ ಮೇಲೆ ಬಾವಿಗಳು ಆಳಕ್ಕಿಳಿದವು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳ, ಕೆಂಡದಂತೆ ಕಾದ ಬಂಡೆ. ಮೇಲಿನ ಭಾರವನ್ನು ತಾಳಲಾರದೆ ಬಂಡೆಯು ಸಿಡಿದಾಗ ಲೈನುಗಳ ಮನೆಗಳಲ್ಲಿ ಪಾತ್ರೆಗಳು ಉರುಳುತ್ತಿದ್ದವು. ಹೆಂಗಸರು ಒಲೆಯನ್ನು ಹಾಗೆಯೇ ಬಿಟ್ಟು ಶಾಫ್ಟಿನ ಬಾಯಿಗೆ ಧಾವಿಸುತ್ತಿದ್ದರು. ಸಿಡಿದ ಬಂಡೆಗೆ ಸಿಕ್ಕದೆ ಉಳಿದವರನ್ನು ಕಲ್ಲಿನ ದೂಳು ಹಿಡಿಯುತ್ತಿದ್ದಿತು. 1940ರ ದಶಕದಲ್ಲಿ ಇಲ್ಲಿಯ ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯರು ನೂರಕ್ಕೆ ಸುಮಾರು 44 ಮಂದಿಯ ಶ್ವಾಸಕೋಶಗಳಲ್ಲಿ ಸಿಲಿಕೋಸಿಸ್ ರೋಗವನ್ನು ಕಂಡರು.

ಯುದ್ಧವು ಮುಗಿದರೂ ಬೆಲೆಯೇರಿಕೆ ನಿಲ್ಲಲಿಲ್ಲ. ಕೂಲಿಯ ಹೋರಾಟದ ನಡುವೆ 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಮೃತರ ಹಬ್ಬದ ಮೇಣದ ಬತ್ತಿಗಳು ಆರಿ ಎರಡೇ ದಿನಗಳಾಗಿದ್ದವು.

ಇನ್ನು ನಮ್ಮದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. 1980ರ ದಶಕದ ಕೊನೆಯಲ್ಲಿ, ಗುರುದೀಕ್ಷೆಯನ್ನು ಪಡೆದ ಹೊಸದರಲ್ಲಿ, ನಾವು ಈ ಗಣಿಪ್ರದೇಶದಲ್ಲಿ ಸಹಾಯಕ ಗುರುಗಳಾಗಿದ್ದೆವು. ಪ್ರತಿ ದಿನ ಮೊದಲ ಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ವೃದ್ಧರೊಬ್ಬರಿದ್ದರು. ಯೌವನದಲ್ಲಿ ಸೈನ್ಯಕ್ಕೆ ಸೇರಿ ಬರ್ಮಾದಲ್ಲಿ ಹೋರಾಡಿದವರು. ಯುದ್ಧಾನಂತರ ಬಿಡುಗಡೆಯಾಗಿ ಬಂದು ನಂದಿದುರ್ಗದ ಗಣಿಗೆ ಇಳಿದರು. ಅದೇ ಗಣಿಯಲ್ಲಿ ಬಂಡೆ ಸಿಡಿದು ಅವರ ಹಿರಿಯ ಮಗನು ತೀರಿಕೊಂಡನು. ಮಗನ ಮಣ್ಣಾದ ನಾಲ್ಕನೆಯ ದಿನ ತಂದೆ ಮತ್ತೆ ಶಿಫ್ಟಿಗೆ ಹೋದರಂತೆ, ಏಕೆಂದರೆ ಮನೆಯಲ್ಲಿ ಉಣ್ಣುವ ಬಾಯಿಗಳು ಇನ್ನೂ ಐದು ಇದ್ದವು. ಇದನ್ನೆಲ್ಲ ನಮಗೆ ಹೇಳಿದವರು ಅವರ ಪತ್ನಿ. ಅವರಾಗಿಯೇ ಯುದ್ಧವನ್ನಾಗಲಿ ಮಗನನ್ನಾಗಲಿ ಕುರಿತು ಒಂದು ಮಾತನ್ನೂ ಆಡಿದವರಲ್ಲ.

ಮೃತರ ಹಬ್ಬದ ಹಿಂದಿನ ಸಂಜೆ ಅವರು ಎರಡು ಹೆಸರುಗಳಿದ್ದ ಒಂದು ಚೀಟಿಯನ್ನು ತಂದರು. ಒಂದು ಮಗನ ಹೆಸರು. ಇನ್ನೊಂದು, ಬರ್ಮಾದಲ್ಲಿ ಅವರ ಪಕ್ಕದಲ್ಲಿಯೇ ಮಡಿದ ಗೆಳೆಯನದು. "ಅವನಿಗೆ ಗೋರಿಯಿಲ್ಲ ಸ್ವಾಮಿ. ಅವನು ನಮ್ಮ ಮತದವನಲ್ಲ. ಓದಬಹುದೆ?" ಎಂದರು. ನಾವು ಸೆಮಿನರಿಯಿಂದ ಹೊಸದಾಗಿ ಬಂದವರು, ತಿಳಿದವರೆಂಬ ಭಾವನೆ ಬೇರೆ. ಕ್ರೈಸ್ತರ ಹೆಸರುಗಳನ್ನು ಮಾತ್ರ ಓದುವುದು ವಾಡಿಕೆಯೆಂದುಬಿಟ್ಟೆವು. ಅವರು ವಾದಿಸಲಿಲ್ಲ. ಚೀಟಿಯಿಂದ ಆ ಭಾಗವನ್ನು ಹರಿದು, ಮಡಿಸಿ ಜೇಬಿಗಿಟ್ಟುಕೊಂಡು, ಮಗನ ಹೆಸರನ್ನು ನಮ್ಮ ಕೈಗಿತ್ತು ಹೊರಟರು. ಮುಂದಿನ ನವೆಂಬರ್ ಬರುವ ಮುನ್ನವೇ ದೂಳಿನ ಕೆಮ್ಮು ಅವರನ್ನು ಕೊಂಡೊಯ್ದಿತು.

ನಾವು ಕಲಿತ ಪಾಠವನ್ನೇ ನಾವು ಮರೆತಿದ್ದೆವು. ದೇವರೊಬ್ಬರೇ ಬಲ್ಲ ವಿಶ್ವಾಸವುಳ್ಳ ಮೃತರಿಗಾಗಿಯೂ ಪವಿತ್ರ ಸಭೆಯು ಬಲಿಪೂಜೆಯ ನಾಲ್ಕನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ ಬೇಡಿಕೊಳ್ಳುತ್ತದೆ. ಬರ್ಮಾದ ರಂಗೂನಿನ ಬಳಿ, ಗೋರಿಯೇ ದೊರೆಯದ ಸುಮಾರು 27,000 ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಹಿಂದೂ, ಮುಸಲ್ಮಾನ, ಸಿಖ್, ಕ್ರೈಸ್ತ ಎಲ್ಲರೂ ಅಲ್ಲಿದ್ದಾರೆ. ಸರ್ಕಾರದ ಕಲ್ಲು ಇಟ್ಟುಕೊಂಡ ಹೆಸರನ್ನು ದೇವರ ಪೀಠದ ಬಳಿಯಿಂದ ನಾವು ಹಿಂದಕ್ಕೆ ಕಳುಹಿಸಿದ್ದೆವು. ಅದೇನೆಂದು ಇಂದು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆ ಹೆಸರು ನಮಗೆ ಹೊಳೆಯುವುದಿಲ್ಲ.

ಪ್ರಿಯರೇ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕೇಜುಗಳು ನಿಂತವು. ನಿಮ್ಮ ಮಕ್ಕಳು ಈಗ ನಸುಕಿನಲ್ಲಿಯೇ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಅವರೂ ತಂದೆ ತಾತಂದಿರಂತೆ ಹೆಚ್ಚು ಮಾತನಾಡುವವರಲ್ಲ. ಸಂತ ಜೋಸೆಫರ ಒಂದು ಮಾತಾದರೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಆದರೂ ಪ್ರಭುವಿನ ಮನೆಯು ನಿಂತದ್ದು ಅವರ ದುಡಿಮೆಯ ಮೇಲೆ. ಮನೆಯ ಗಂಡಸು ಮೌನವಾಗಿದ್ದಾನೆಂದು ಅವನಿಗೆ ದುಃಖವಿಲ್ಲವೆಂದು ತಿಳಿಯಬೇಡಿರಿ. ಅವನು ಬದುಕಿರುವಾಗಲೇ ಪಕ್ಕದಲ್ಲಿ ಕುಳಿತು ಕೇಳಿರಿ.

ನಮ್ಮದೊಂದು ಬಿನ್ನಹ. ದೇವಾಲಯದ ಪೀಠದ ಬಳಿ ಒಂದು ದೊಡ್ಡ ಪುಸ್ತಕವನ್ನು ಇರಿಸಿದ್ದೇವೆ. ಯುದ್ಧದಲ್ಲಿ, ಗಣಿಯಲ್ಲಿ, ದೂಳಿನ ರೋಗದಲ್ಲಿ ತೀರಿಕೊಂಡ ನಿಮ್ಮವರ ಹೆಸರುಗಳನ್ನು ಬರೆಯಿರಿ. ನೆರೆಮನೆಯವರನ್ನೂ ಕರೆತನ್ನಿರಿ, ಯಾವ ಮತದವರೆಂದು ಯಾರೂ ಕೇಳುವುದಿಲ್ಲ. ನವೆಂಬರ್ 2ರ ಮೂರು ಪೂಜೆಗಳಲ್ಲೊಂದರಲ್ಲಿ ಅವೆಲ್ಲವನ್ನೂ, ಎಷ್ಟೇ ಹೊತ್ತಾದರೂ ಸರಿ, ನಾವೇ ಓದುತ್ತೇವೆ. ಮೊದಲನೆಯ ಪುಟದ ಮೊದಲನೆಯ ಸಾಲನ್ನು ಬರಿದಾಗಿ ಬಿಟ್ಟಿದ್ದೇವೆ. ಅಲ್ಲಿ ಬರೆಯಬೇಕಾದ ಹೆಸರನ್ನು ದೇವರು ಬಲ್ಲರು. ಆ ಸಾಲಿಗೆ ಬಂದಾಗ ತಾವೂ ನಮ್ಮೊಡನೆ ಕ್ಷಣಕಾಲ ಮೌನವಾಗಿ ನಿಂತು ಪ್ರಾರ್ಥಿಸಬೇಕೆಂದು ಬೇಡುತ್ತೇವೆ.

ಭೂಮಿಯ ಆಳದಲ್ಲಿ ಬೆಳಕಿಲ್ಲದೆ ದುಡಿದವರಿಗೆ ಪ್ರಭುವು ತಮ್ಮ ನಿತ್ಯ ಪ್ರಕಾಶವನ್ನು ದಯಪಾಲಿಸಲಿ. ಆಮೆನ್.