ಪಾಸಿದೆ, ಬಸ್ಸೆಲ್ಲಿ?
(ಹಂಪಾಪುರದ ಸಭೆಯಲ್ಲಿ ಆಡಿದ ಮಾತು)



ನಮ್ಮ ಮಗು ಯಾವ ಶಾಲೆಗೆ ಸೇರಬೇಕು ಅನ್ನೋದನ್ನ ಕಿಲೋಮೀಟರು ತೀರ್ಮಾನ ಮಾಡ್ತಾ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಯ ಒಂದನೇ ತರಗತಿಯಲ್ಲಿ ನೂರಕ್ಕೆ 25 ಸೀಟನ್ನು ನೆರೆಹೊರೆಯ ಬಡವರ, ದಲಿತರ ಮಕ್ಕಳಿಗೆ ಬರೆದಿಟ್ಟಿತು. ಆದರೆ ಊರಾಚೆಯ ನಮ್ಮ ಕೇರಿ ಪಟ್ಟಣದ ಯಾವ ಶಾಲೆಗೆ ನೆರೆ? 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು: ಹತ್ತಿರ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಿದ್ದರೆ ಖಾಸಗಿಯವರು ಆ ಸೀಟು ಕೊಡಬೇಕಾಗಿಲ್ಲ. ದೂರವಿದ್ದರೆ ನೆರೆಯಲ್ಲ, ಹತ್ತಿರ ಶಾಲೆಯಿದ್ದರೆ ಸೀಟಿಲ್ಲ. ಎರಡೂ ಬಾಗಿಲಿಗೆ ಅಗುಳಿ ಬಿತ್ತು.

ನಾನು ಹೈಸ್ಕೂಲಿಗೆ ಹೋಗುವಾಗ ಜೇಬಲ್ಲಿ ಪಾಸಿತ್ತು. ಪಾಸಿನ ಹುಡುಗರನ್ನು ಕಂಡರೆ ಬಸ್ಸು ನಿಲ್ಲುತ್ತಿರಲಿಲ್ಲ. ನಡೆದು ಹೋಗೋ ಹೊತ್ತಿಗೆ ಹಾಜರಿ ಮುಗಿದಿರೋದು. ಪುಸ್ತಕದಲ್ಲಿ ನಾನು ಗೈರು. 2023ರ ಜೂನ್‌ನಿಂದ ನಮ್ಮ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಒಳ್ಳೇದೇ. ಬೆಲ್ ಹೊಡೆಯೋ ಮುಂಚೆ ಬಸ್ಸೇ ಬರದಿದ್ದರೆ?

2010ರ ಕೇಂದ್ರ ನಿಯಮ ಹೇಳುತ್ತೆ: ಐದನೇ ತರಗತಿವರೆಗೆ 1 ಕಿಲೋಮೀಟರು, ಆರರಿಂದ ಎಂಟಕ್ಕೆ 3 ಕಿಲೋಮೀಟರು ಒಳಗೆ ಶಾಲೆ ಇರಬೇಕು. ಶಾಲೆಯಿಲ್ಲದ ಸಣ್ಣ ಹಾಡಿ, ಹಟ್ಟಿಯ ಮಕ್ಕಳಿಗೆ ಉಚಿತ ವಾಹನವೋ ವಸತಿಯೋ ಸರ್ಕಾರವೇ ಒದಗಿಸಬೇಕು. ಇದು ಭಿಕ್ಷೆ ಅಲ್ಲ.

ಅಣ್ಣಂದಿರೆ, ಅವ್ವಂದಿರೆ, ಯಾವ ಕೇರಿ, ಎಷ್ಟು ಮಕ್ಕಳು, ಎಷ್ಟು ಗಂಟೆಗೆ ಬಸ್ಸು ಬೇಕು, ಇವತ್ತೇ ಬರೆಯೋಣ. ಓದಿದವರು ಬರೀಲಿ, ಉಳಿದವರು ಹೆಬ್ಬೆಟ್ಟು ಒತ್ತಲಿ. ಒಂದು ಪ್ರತಿ ಬಸ್ ಡಿಪೋಗೆ, ಒಂದು ಶಿಕ್ಷಣಾಧಿಕಾರಿಗೆ. ಹತ್ತಿರದ ಶಾಲೆ ಚೆನ್ನಾಗಬೇಕು, ದೂರದ ಶಾಲೆಗೆ ದಾರಿಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಿತ್ತುಕೊಳ್ಳೋಕೆ ಬಿಡಬಾರದು.

ಜೈ ಭೀಮ್.