ಉದಯೋನ್ಮುಖ ಲೇಖಕನ ದಿನಚರಿ, ಸಂಚಾರ ಮತ್ತು ಸ್ಫೂರ್ತಿ
(ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಹೋತ್ಸವದ ಗೋಷ್ಠಿಯಲ್ಲಿ ಮಾತನಾಡಬೇಕೆಂಬ ಅಪ್ಪಣೆ ನನಗಾದಾಗ, ಯಾವ ವಿಷಯವನ್ನೆತ್ತಿಕೊಳ್ಳಬೇಕೆಂದು ನಾನು ಬಹಳವಾಗಿ ಆಲೋಚಿಸಬೇಕಾಗಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ತರುಣತರುಣಿಯರು ಲೇಖನಿಯನ್ನು ಕೈಗೆತ್ತಿಕೊಂಡೊಡನೆಯೇ ಹಿರಿಯರನ್ನು ಕೇಳುವ ಪ್ರಶ್ನೆಗಳು ಮೂರು. ಬರೆಯಬೇಕೆಂಬವನು ದಿನವನ್ನು ಹೇಗೆ ಕಳೆಯಬೇಕು? ಎಲ್ಲಿಗೆ ಹೋಗಿ ಏನನ್ನು ನೋಡಬೇಕು? ಸ್ಫೂರ್ತಿಯೆಂಬುದು ಎಲ್ಲಿಂದ ಬರುತ್ತದೆ? ಈ ಮೂರರ ಹಿಂದೆ ಬಾಯಿಬಿಟ್ಟು ಹೇಳದ ನಾಲ್ಕನೆಯದೊಂದು ಪ್ರಶ್ನೆಯೂ ಅಡಗಿರುತ್ತದೆ: ‘ನಮ್ಮಂಥ ಊರಿನವರು, ನಮ್ಮಂಥ ಮಾತಿನವರು, ಲೇಖಕರಾಗಬಹುದೆ?’ ನನ್ನ ಮಾತೆಲ್ಲವೂ ವಾಸ್ತವವಾಗಿ ಆ ನಾಲ್ಕನೆಯ ಪ್ರಶ್ನೆಗೆ ಉತ್ತರವೆಂದು ತಾವು ಭಾವಿಸಬೇಕಾಗಿ ಪ್ರಾರ್ಥನೆ.

ಮೊದಲು ದಿನಚರಿಯ ವಿಚಾರ. ಬರವಣಿಗೆಗೆ ಬಿಡುವು ಬೇಕು, ಹೊಟ್ಟೆಪಾಡಿನ ಕೆಲಸವು ಅದಕ್ಕೆ ಶತ್ರು ಎಂಬ ಭಾವನೆ ತರುಣರಲ್ಲಿ ಬಲವಾಗಿ ಬೇರೂರಿದೆ. ನಮ್ಮ ಜಿಲ್ಲೆಯ ಚರಿತ್ರೆ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೇ ನುಡಿಯುತ್ತದೆ. 1905ರಲ್ಲಿ ಮೇಲುಕೋಟೆಯಲ್ಲಿ ಜನಿಸಿದ ಪು.ತಿ.ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಸೈನ್ಯದ ಕಚೇರಿಯಲ್ಲಿ ಕಡತಗಳ ನಡುವೆ ಬಾಳಿದವರು. ‘ಗೋಕುಲ ನಿರ್ಗಮನ’ದ ಕೊಳಲಿನ ದನಿಯನ್ನು ಕೇಳಿದವರೂ ಅವರೇ. 1915ರಲ್ಲಿ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್.ನರಸಿಂಹಸ್ವಾಮಿಯವರು ಗುಮಾಸ್ತೆಯ ಕೆಲಸದಲ್ಲಿದ್ದುಕೊಂಡೇ 1942ರಲ್ಲಿ ‘ಮೈಸೂರು ಮಲ್ಲಿಗೆ’ಯನ್ನು ನಾಡಿಗಿತ್ತರು. ನಾಗಮಂಗಲದ ಸೀಮೆಯ ಎಚ್.ಎಲ್.ನಾಗೇಗೌಡರು ಸರಕಾರದ ಹಿರಿಯ ಅಧಿಕಾರಿಗಳಾಗಿದ್ದು, ಆಡಳಿತದ ಭಾರವನ್ನು ಹೊತ್ತುಕೊಂಡೇ ಜನಪದ ಸಾಹಿತ್ಯವನ್ನು ಸಂಗ್ರಹಿಸಿದರು. ಇವರಲ್ಲಿ ಯಾರೂ ಬರವಣಿಗೆಯ ಸಂಪಾದನೆಯನ್ನೇ ನೆಚ್ಚಿ ಸಂಸಾರ ನಡೆಸಿದವರಲ್ಲ.

ಆದರೆ ನನ್ನ ಪ್ರಕೃತ ವಿಷಯಕ್ಕೆ ಅತ್ಯಂತ ಹತ್ತಿರವಾದ ನಿದರ್ಶನವು ಮದ್ದೂರು ತಾಲ್ಲೂಕಿನಲ್ಲಿಯೇ ದೊರೆಯುತ್ತದೆ. ಬೆಸಗರಹಳ್ಳಿಯಲ್ಲಿ 1938ರಲ್ಲಿ ಹುಟ್ಟಿ 1998ರಲ್ಲಿ ದಿವಂಗತರಾದ ಡಾಕ್ಟರ್ ಬೆಸಗರಹಳ್ಳಿ ರಾಮಣ್ಣನವರು ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಕಥೆಗಾರರು. ‘ನೆಲದ ಒಡಲು’, ‘ಗರ್ಜನೆ’ ಮೊದಲಾದವು ಅವರ ಕಥಾಸಂಕಲನಗಳು. ಅವರ ‘ಗಾಂಧಿ’ ಎಂಬ ಕಥೆಯನ್ನು ಪದವಿಪೂರ್ವ ತರಗತಿಯ ಪಾಠವಾಗಿ ಓದಿದವರು ಈ ಸಭೆಯಲ್ಲಿಯೂ ಅನೇಕರಿರಬಹುದು. ವೈದ್ಯನ ಕೆಲಸವೆಂದರೇನು? ರೋಗಿಯು ತನ್ನ ಸಂಕಟವನ್ನು ತನ್ನ ಮಾತಿನಲ್ಲಿ ಹೇಳುತ್ತಾನೆ; ಹೊಟ್ಟೆಯೊಳಗೆ ಬೆಂಕಿಯಿಟ್ಟಂತಾಗುತ್ತದೆ ಎನ್ನುತ್ತಾನೆ, ಎದೆಯ ಮೇಲೆ ಗುಂಡು ಹೇರಿದಂತಾಗುತ್ತದೆ ಎನ್ನುತ್ತಾನೆ. ಆ ಮಾತನ್ನು ಪೂರ್ತಿಯಾಗಿ ಕೇಳದೆ ರೋಗಕ್ಕೆ ಹೆಸರಿಡುವ ವೈದ್ಯನು ತಪ್ಪು ಮದ್ದನ್ನು ಕೊಡುವನು. ಲೇಖಕನ ಧರ್ಮವೂ ಇದೇ. ಕೇಳುವುದು ಮೊದಲು, ಹೆಸರಿಡುವುದು ಅನಂತರ. ಹಳ್ಳಿಯ ಬಡವರ ನಡುವೆ ದಿನಗಳೆದ ವೈದ್ಯನಿಗೆ ಅವರ ಹಸಿವು, ಸಾಲ, ಅವಮಾನ, ಹಾಸ್ಯ ಇವೆಲ್ಲವೂ ರೋಗದ ಜತೆಯಲ್ಲಿಯೇ ಪರಿಚಯವಾಗುತ್ತವೆ. ಆದಕಾರಣ ಅವರಿಗೆ ವೃತ್ತಿಯು ಬರವಣಿಗೆಗೆ ಅಡ್ಡಿಯಾಗದೆ ಅದರ ಬೇರೇ ಆಯಿತು.

ಹೀಗೆಂದ ಮಾತ್ರಕ್ಕೆ ವೃತ್ತಿಯೊಂದಿದ್ದರೆ ಸಾಕು, ಕಥೆ ತಾನಾಗಿಯೇ ಹುಟ್ಟುವುದೆಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ಅದೇ ಕುರ್ಚಿಯಲ್ಲಿ ಕುಳಿತು, ಎದುರಿಗೆ ನಿಂತವನ ಮುಖವನ್ನೇ ನೋಡದೆ ನಿವೃತ್ತರಾದವರುಂಟು. ಮತ್ತೊಂದು ಮಾತನ್ನೂ ಮರೆಮಾಚಲಾಗದು: ಆಯಾಸವೆಂಬುದು ಸುಳ್ಳಲ್ಲ. ದಿನವೆಲ್ಲ ಕಬ್ಬು ಕಡಿದು ಬಂದವನಿಗೂ, ಮುಂಜಾನೆಯಿಂದ ಮನೆವಾರ್ತೆ, ಕೊಟ್ಟಿಗೆ, ಮಕ್ಕಳು ಎಂದು ಸುತ್ತುವ ಸೊಸೆಗೂ, ‘ಆಯಾಸವನ್ನು ಗೆದ್ದು ಬರೆ’ ಎಂದು ಉಪದೇಶಿಸುವುದು ಸುಲಭವೇ ಹೊರತು ನ್ಯಾಯವಲ್ಲ. ನಾನು ಅವರಲ್ಲಿ ಕೇಳಿಕೊಳ್ಳುವುದು ಅಲ್ಪವಾದದ್ದು. ದಿನಕ್ಕೆ ಅರ್ಧ ಗಂಟೆ. ಅದೂ ಇಲ್ಲದಿದ್ದರೆ ದಿನಕ್ಕೆ ನಾಲ್ಕು ಸಾಲು. ಅಂದು ಕಿವಿಗೆ ಬಿದ್ದ ಒಂದು ಮಾತನ್ನು, ಆಡಿದವರ ಉಚ್ಚಾರಣೆಯಲ್ಲಿಯೇ, ತಿದ್ದದೆ ಬರೆದಿಡಿರಿ. ಒಂದು ವರ್ಷದ ಮೇಲೆ ಆ ಪುಸ್ತಕವನ್ನು ತೆರೆದು ನೋಡಿದರೆ ನಿಮ್ಮ ಊರು ಅದರಲ್ಲಿ ಕುಳಿತಿರುವುದು ಕಾಣುತ್ತದೆ. ಮನೆಯವರಲ್ಲಿಯೂ ನನ್ನದೊಂದು ವಿಜ್ಞಾಪನೆಯುಂಟು. ಮಗನು ಬರೆಯಲು ಕುಳಿತರೆ ಮನೆಯಲ್ಲಿ ಸದ್ದಡಗುತ್ತದೆ. ಮಗಳು ಕುಳಿತರೆ ಒಲೆಯ ಕಡೆಗೆ ಕರೆ ಬರುತ್ತದೆ. 1974ರಲ್ಲಿ ಮಂಡ್ಯದಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷರಾದರು. ಆ ಪೀಠವನ್ನೇರಿದ ಮಹಿಳೆಯರಲ್ಲಿ ಅವರೇ ಮೊದಲಿಗರು. ಅಂಥ ಸಮ್ಮೇಳನ ಕಂಡ ಸೀಮೆಯ ಹೆಣ್ಣುಮಕ್ಕಳಿಗೆ ಅರ್ಧ ಗಂಟೆಯ ಮೌನವನ್ನು ಕೊಡಲಾರೆವೆಂದರೆ ಅದು ನಮಗೆ ಶೋಭಿಸುವುದಿಲ್ಲ.

ಇನ್ನು ಸಂಚಾರದ ವಿಷಯ. ಲೇಖಕನಾಗಬೇಕಾದರೆ ದೂರದೇಶಗಳನ್ನು ನೋಡಬೇಕೆಂದು ಹಲವರ ನಂಬಿಕೆ. ನೋಡಲಿ, ಬೇಡವೆನ್ನುವುದಿಲ್ಲ. ನಾಗೇಗೌಡರೇ ಭರತಖಂಡಕ್ಕೆ ಬಂದ ವಿದೇಶೀ ಯಾತ್ರಿಕರ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಆದರೆ ಅದೇ ನಾಗೇಗೌಡರು ಹಳ್ಳಿಯ ಹಾಡುಗಾರರಿಗಾಗಿ 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, ಬಳಿಕ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಪರದೇಶಿಯ ಕಣ್ಣು ನಮ್ಮ ನಾಡಿನಲ್ಲಿ ಏನೇನನ್ನು ಗಮನಿಸಿತೆಂದು ಬಲ್ಲವನು ತನ್ನ ಊರನ್ನೂ ಹೊಸ ಕಣ್ಣಿನಿಂದ ನೋಡಬಲ್ಲನು.

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳನ್ನು ಬಸ್ಸಿನಲ್ಲಿ ಒಂದು ಹಗಲಿನೊಳಗೆ ಸುತ್ತಿಬರಬಹುದು. ಬರೆಯುವವನಿಗೆ ಒಂದು ಜನ್ಮವೂ ಸಾಲದು. ಮಂಡ್ಯದಲ್ಲಿ ನೀರಿನ ಕಥೆಯಿದೆ. 1911ರಲ್ಲಿ ಆರಂಭವಾಗಿ 1932ರ ಹೊತ್ತಿಗೆ ಮುಗಿದ ಕನ್ನಂಬಾಡಿಯ ಕಟ್ಟೆ, ಹುಲಿಕೆರೆಯ ಸುರಂಗದೊಳಗಿಂದ ಹಾದುಬರುವ ವಿಶ್ವೇಶ್ವರಯ್ಯ ನಾಲೆ, 1933ರ ಸಕ್ಕರೆ ಕಾರ್ಖಾನೆ, 1939ರಲ್ಲಿ ಪ್ರತ್ಯೇಕವಾದ ಜಿಲ್ಲೆ. ರಾಗಿಯ ಹೊಲಗಳು ಬತ್ತದ, ಕಬ್ಬಿನ ಗದ್ದೆಗಳಾದವು. ಒಂದು ತಲೆಮಾರಿನೊಳಗೆ ಊಟ, ಉಡುಗೆ, ವರದಕ್ಷಿಣೆ, ವ್ಯಾಜ್ಯ ಎಲ್ಲವೂ ಬದಲಾದವು. ಆಲೆಮನೆಯ ಕೊಪ್ಪರಿಗೆಯ ಮುಂದೆ ರಾತ್ರಿ ಕುಳಿತವರ ಬಾಯಿಂದ ಈ ಕಥೆಯನ್ನು ಕೇಳಬೇಕು.

ಮದ್ದೂರಿನಲ್ಲಿ ಶಿಂಷಾ ನದಿಯುಂಟು, ಎಳನೀರಿನ ಮಾರುಕಟ್ಟೆಯುಂಟು, ರೈಲು ಪ್ರಯಾಣಿಕರಿಂದ ಹೆಸರಾದ ವಡೆಯುಂಟು. ಊರಿನ ಮಗ್ಗುಲಲ್ಲೇ ಶಿವಪುರವಿದೆ. 1938ರ ಏಪ್ರಿಲಿನಲ್ಲಿ ಅಲ್ಲಿ ನಡೆದ ಧ್ವಜ ಸತ್ಯಾಗ್ರಹವು ಸಂಸ್ಥಾನದ ಚರಿತ್ರೆಯನ್ನೇ ತಿರುಗಿಸಿತು. ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಸೆಯ ಮರಗಳಲ್ಲಿ ಗೂಡುಕಟ್ಟಿ ಮರಿಮಾಡುತ್ತವೆ. ಅವನ್ನು ಮನೆಯ ಮಕ್ಕಳಂತೆ ಕಾಣುವ ಜನ ಅಲ್ಲಿದ್ದಾರೆ. ಮಳವಳ್ಳಿಯ ಕಡೆಗೆ ಹೋದರೆ ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಚಂದ್ರಿಕೆ. ಮುಂದೆ ಗಗನಚುಕ್ಕಿಯ ಧುಮುಕು. ಆ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಳಕು ಹುಟ್ಟಿದ ತಾಣದ ಸುತ್ತಣ ಹಳ್ಳಿಗಳು ಸೀಮೆಎಣ್ಣೆಯ ಬುಡ್ಡಿಯಲ್ಲಿ ಎಷ್ಟು ಕಾಲ ಕಳೆದವೆಂಬುದನ್ನು ಅಲ್ಲಿನ ಹಿರಿಯರಿಂದ ಕೇಳಿ ಬರೆಯತಕ್ಕವರು ನಿಮ್ಮಲ್ಲಿಲ್ಲವೆ?

2023ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ಹೆದ್ದಾರಿಯು ತೆರೆದ ಮೇಲೆ ಪ್ರಯಾಣಿಕರು ಮದ್ದೂರನ್ನೂ ಮಂಡ್ಯವನ್ನೂ ಬದಿಗೆ ಬಿಟ್ಟು ನಿಮಿಷಗಳಲ್ಲಿ ದಾಟಿಹೋಗುತ್ತಾರೆ. ಹಳೆಯ ರಸ್ತೆಯ ಬದಿಯ ಅಂಗಡಿಗಳಿಗೂ ಹೋಟೆಲುಗಳಿಗೂ ಅದರಿಂದಾದ ನಷ್ಟ ಸಣ್ಣದಲ್ಲ. ವೇಗವು ಪ್ರಯಾಣಿಕನಿಗೆ ಲಾಭವಿರಬಹುದು. ಲೇಖಕನಿಗೆ ಅದು ಲಾಭವಲ್ಲ. ಅವನು ಹಳೆಯ ರಸ್ತೆಯಲ್ಲಿಯೇ ಬಂದು, ಇಳಿದು, ನಡೆದು, ಕೂತು, ಮಾತನಾಡಿಸಿ ಹೋಗಬೇಕಾದವನು.

ಮೂರನೆಯದಾಗಿ ಸ್ಫೂರ್ತಿ. ಅದು ಆಕಾಶದಿಂದ ಬೀಳುವ ಮಳೆಯೆಂದು ಹೇಳುವುದುಂಟು. ಮಂಡ್ಯದ ರೈತನು ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರನು. ಮಳೆ ಬೀಳುವುದು ಕೊಡಗಿನಲ್ಲಿ. ನೀರು ನಿಲ್ಲುವುದು ಕನ್ನಂಬಾಡಿಯಲ್ಲಿ. ಗದ್ದೆಗೆ ಬರುವುದು ನಾಲೆ, ತೂಬು, ಕಾಲುವೆಗಳ ಮೂಲಕ. ಕಾಲುವೆಯ ಹೂಳನ್ನು ತೆಗೆಯದವನ ಗದ್ದೆಗೆ ಕಟ್ಟೆ ತುಂಬಿದ್ದರೂ ನೀರು ಬಾರದು. ಹಿಂದಿನವರ ನುಡಿಯೇ ಕಟ್ಟೆಯ ನೀರು; ದಿನದಿನದ ಓದುಬರೆಹವೇ ಹೂಳೆತ್ತುವ ಕೆಲಸ.

ಆ ಕಟ್ಟೆಯ ನೀರೆಂದರೆ ಯಾವುದು? ಅಚ್ಚಾದ ಪುಸ್ತಕಗಳು ಮಾತ್ರವಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಹಾಕಾವ್ಯದಲ್ಲಿ, ಮಂಟೇಸ್ವಾಮಿಯು ಕಲ್ಯಾಣಕ್ಕೆ ಬಂದು ಶರಣರ ಭಕ್ತಿಯನ್ನು ಪರೀಕ್ಷಿಸುವ ಕಥೆಯಿದೆ. ಸಿದ್ಧಪ್ಪಾಜಿಯು ಹಲಗೂರಿಗೆ ಬಂದು ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡುವ ಕಥೆಯಿದೆ. ಹಲಗೂರು ಇದೇ ಮಳವಳ್ಳಿ ತಾಲ್ಲೂಕಿನ ಊರು. ಕಲ್ಯಾಣದಿಂದ ಹಲಗೂರಿನವರೆಗೆ ಹಬ್ಬಿದ ಕಾವ್ಯವನ್ನು ಅಕ್ಷರದ ನೆರವಿಲ್ಲದೆ ಕಂಠದಲ್ಲಿ ಹೊತ್ತು ತಂದ ಸೀಮೆಯವನು ‘ನಮ್ಮಲ್ಲಿ ಸಾಹಿತ್ಯವೇನಿದೆ?’ ಎನ್ನಬಹುದೆ? ಆದರೆ ರಾತ್ರಿಯಿಡೀ ಕುಳಿತು ಕೇಳುವವರೇ ಇಲ್ಲವಾದರೆ ಹಾಡುವ ಕಂಠ ಎಷ್ಟು ದಿನ ಉಳಿದೀತು? ನೀವು ಹೋಗಿ ಕೇಳಿರಿ. ಧ್ವನಿಮುದ್ರಣದ ಯಂತ್ರ ಈಗ ಪ್ರತಿಯೊಬ್ಬರ ಜೇಬಿನಲ್ಲಿದೆ. ಹಾಡಿದವರ ಅನುಮತಿಯನ್ನು ಪಡೆದು, ಅವರ ಹೆಸರನ್ನು ಬರೆದು, ಉಳಿಸಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಪರರ ದುಃಖದಿಂದಲೂ ಸ್ಫೂರ್ತಿ ಬರುತ್ತದೆ. 2015ರಲ್ಲಿ ಈ ಜಿಲ್ಲೆಯ ರೈತರ ಆತ್ಮಹತ್ಯೆಯ ವಾರ್ತೆಗಳನ್ನು ನಾವೆಲ್ಲರೂ ಓದಿದೆವು. ಅಂಥ ಮನೆಗೆ ಹೋಗಿ, ಕಣ್ಣೀರನ್ನು ಬರೆದುಕೊಂಡು ಬಂದು, ಬಹುಮಾನ ಪಡೆದು ಆ ಮನೆಯ ದಾರಿಯನ್ನೇ ಮರೆಯುವುದು ಸಾಹಿತ್ಯವಲ್ಲ. ವೈದ್ಯನು ರೋಗಿಯ ಗುಟ್ಟನ್ನು ಬೀದಿಗೆ ಹಾಕುವುದಿಲ್ಲ. ಲೇಖಕನೂ ನೋವಿನ ತಿರುಳನ್ನಿಟ್ಟುಕೊಂಡು ನೊಂದವರ ಗುರುತನ್ನು ಕಾಪಾಡತಕ್ಕದ್ದು.

ಇನ್ನು ಆ ನಾಲ್ಕನೆಯ ಪ್ರಶ್ನೆ. ‘ಬರುತ್ತೇನೆ’ ಎಂಬುದನ್ನು ‘ಬತ್ತೀನಿ’ ಎನ್ನುವ, ‘ಹಾಲ’ನ್ನು ‘ಆಲು’ ಎನ್ನುವ ನಮ್ಮ ಸೀಮೆಯ ಮಾತು ನಾಟಕ ಸಿನಿಮಾಗಳಲ್ಲಿ ಬಹುಕಾಲ ನಗಿಸುವವನ ಬಾಯಲ್ಲಿಯೇ ಕಾಣಿಸಿಕೊಂಡಿತು. ಅದನ್ನು ನೋಡಿ ಬೆಳೆದ ಮಗುವು ಶಾಲೆಗೆ ಹೋಗಿ ತಾಯಿಯ ಮಾತಿಗೆ ನಾಚುತ್ತದೆ. ಬರೆಯಲು ಕುಳಿತಾಗ ತನ್ನದಲ್ಲದ ಭಾಷೆಯನ್ನು ಸಾಲ ತರುತ್ತದೆ. ಸಾಲದ ಭಾಷೆಯಲ್ಲಿ ವರ್ಣನೆಯನ್ನು ಮಾಡಬಹುದು, ಅಳುವುದಕ್ಕಾಗದು. ರಾಮಣ್ಣನವರಂಥ ಕಥೆಗಾರರಿಂದಾದ ದೊಡ್ಡ ಉಪಕಾರವೆಂದರೆ, ಇದೇ ಮಾತು ನಗೆಯನ್ನಷ್ಟೇ ಅಲ್ಲದೆ ದುಃಖವನ್ನೂ ರೋಷವನ್ನೂ ಘನತೆಯನ್ನೂ ಹೊರಬಲ್ಲುದೆಂದು ತೋರಿಸಿಕೊಟ್ಟದ್ದು. ಗ್ರಂಥಭಾಷೆಯನ್ನು ಚೆನ್ನಾಗಿ ಕಲಿಯಿರಿ, ವ್ಯಾಕರಣವನ್ನು ತಿಳಿಯಿರಿ. ಆದರೆ ಕಥೆಯೊಳಗಿನ ಅಜ್ಜಿಯ ಬಾಯಿಗೆ ಪಂಡಿತರ ಮಾತನ್ನು ತುರುಕಬೇಡಿರಿ.

ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನವು 1974ರಲ್ಲಿ, 1994ರಲ್ಲಿ, ಮತ್ತೆ 2024ರ ಡಿಸೆಂಬರಿನಲ್ಲಿ ಗೊ.ರು.ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಸೇರಿತು. ಸಮ್ಮೇಳನವು ಜಾತ್ರೆಯಂತೆ, ಬರುತ್ತದೆ, ಹೋಗುತ್ತದೆ. ಬೆಳೆಯು ಬರುವುದು ಜಾತ್ರೆಯಿಂದಲ್ಲ, ದಿನದ ಬೇಸಾಯದಿಂದ. ಆದಕಾರಣ ಶ್ರೀಮಠದ ಸನ್ನಿಧಿಯಲ್ಲಿ ನನ್ನದೊಂದೇ ಬಿನ್ನಹ. ಅನ್ನವನ್ನೂ ಅಕ್ಷರವನ್ನೂ ನೀಡುತ್ತ ಬಂದಿರುವ ಮಠಗಳು ತಿಂಗಳಿಗೊಂದು ಸಂಜೆ ಒಂದು ದೀಪವನ್ನೂ ಒಂದು ಚಾಪೆಯನ್ನೂ ಹೊಸಬರಿಗೆ ಕೊಡಲಿ. ಜಾತಿಮತಗಳೆನ್ನದೆ, ಗಂಡು ಹೆಣ್ಣೆನ್ನದೆ, ಬರೆದವರು ಬಂದು ಓದಲಿ. ಹಿರಿಯರು ಹೊಗಳಿಕೆಯ ಶಾಲನ್ನು ಹೊದಿಸದೆ, ಎಲ್ಲಿ ಚೆನ್ನಾಗಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ಪ್ರೀತಿಯಿಂದ ಹೇಳಲಿ. ನೇಯುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು ತಂತಮ್ಮ ಕಾಯಕದ ನಡುವೆಯೇ ನುಡಿಯನ್ನು ಕಟ್ಟಿದ ಪರಂಪರೆ ನಮ್ಮದು. ಡಾಕ್ಟರ್, ಗುಮಾಸ್ತೆ, ರೈತ, ಶಿಕ್ಷಕಿ, ಎಳನೀರು ಮಾರುವವನು, ಇವರೆಲ್ಲರೂ ಆ ಚಾಪೆಯ ಮೇಲೆ ಕೂಡಲು ಅರ್ಹರು.

ತರುಣಮಿತ್ರರೆ, ನಿಮ್ಮ ಊರು ಚಿಕ್ಕದೆಂದು ಕುಗ್ಗಬೇಡಿರಿ. ನಾಳೆಯೇ ನಾಲ್ಕು ಸಾಲು ಬರೆಯಿರಿ. ನಾಡಿದ್ದು ಅದನ್ನು ತಿದ್ದಿರಿ.